ಮೇಣ ಹಚ್ಚಿದ ದಾರ

"ಕಣ್ಣು ಮುಚ್ಕೊಂಡು ಅದೇನು ನೋಡ್ತಾ ಇದ್ದೀರಿ ನೀವು?" ಎಂದರು ಅಧ್ಯಕ್ಷರು.

ಮೇಜಿನ ಮೇಲೆ ಹರಡಿದ ಹಳೆಯ ಕೋಟಿನ ಒಳಮೈಯಲ್ಲಿ ಜಪ್ತಿ ಅಕ್ಕನ ಬೆರಳುಗಳು ತಮ್ಮ ಪಾಡಿಗೆ ತಾವು ಹರಿದಾಡುತ್ತಿದ್ದವು. ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಅರ್ಧ ಆಯಸ್ಸು ಹೋಗಿಬರುವವರ ಬಟ್ಟೆಬರೆ ತಡವಿದವಳು ಅವಳು. ಆ ನೌಕರಿ ಬಿಟ್ಟು ಪತ್ತೇದಾರಿಕೆಗೆ ಇಳಿದರೂ ಅಲ್ಲಿ ಅಂಟಿದ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಕಣ್ಣಿಗೆ ಯಾರು ಬೇಕಾದರೂ ಮಣ್ಣೆರಚಬಹುದು, ಬೆರಳಿಗೆ ಆಗುವುದಿಲ್ಲ ಎಂಬುದು ಅವಳ ವಾದ.

"ಅಮ್ಮನ ಕೈ ಹೊಲಿಗೆನಾ ಅಕ್ಕ?" ಎಂದಳು ಪಕ್ಕದಲ್ಲಿ ನಿಂತ ಗುಬ್ಬಿ.

ಗುಬ್ಬಿ ಟೆಲಿಫೋನ್ ಎಕ್ಸ್‌ಚೇಂಜಿನವಳು. ಊರಿನವರ ಮಾತನ್ನೆಲ್ಲ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ದಾಟಿಸುವುದೇ ಅವಳ ಕೆಲಸ. ತನ್ನ ತಾಯಿಯ ಬಗ್ಗೆ ಮಾತ್ರ ಅವಳು ಚಿಕ್ಕಂದಿನಿಂದ ಕೇಳಿದ್ದು ಒಂದೇ ಮಾತು. ದ್ರೋಹಿ.

ಬ್ರಿಟಿಷರೇ ತೊಲಗಿ ಎಂದು ಬೀದಿ ಬೀದಿಯೂ ಕೂಗಿದ ಕಾಲದಲ್ಲಿ, ಟೈಲರಮ್ಮ ಎಂದೇ ಎಲ್ಲರ ಬಾಯಲ್ಲಿದ್ದ ಆ ತಾಯಿ ಭೂಗತರಾದ ಚಳವಳಿಗಾರರ ಕೋಟುಗಳಿಗೆ ಲೈನಿಂಗಿನೊಳಗೆ ಗುಟ್ಟಿನ ಜೇಬು ಹೊಲಿದುಕೊಡುತ್ತಿದ್ದಳು. ಸಂದೇಶ ಬರೆದ ಬಟ್ಟೆಚೂರು ಅದರೊಳಗೆ ಕೂತರೆ ಯಾವ ಪೊಲೀಸಿಗೂ ಸಿಗುತ್ತಿರಲಿಲ್ಲ. ಈ ಒಂದು ಕೋಟಿನಲ್ಲಿ ಮಾತ್ರ ಸಿಕ್ಕಿತು. ಇದನ್ನು ತೊಟ್ಟು ಹೊರಟ ಶಾಲಾ ಮೇಷ್ಟ್ರನ್ನು ಸೇತುವೆಯ ಮೇಲೆ ಹಿಡಿದರು. ಲಾಕಪ್ಪಿಗೆ ಹೋದ ಮೇಷ್ಟ್ರು ಹೆಣವಾಗಿ ಹೊರಬಂದರು. ಟೈಲರಮ್ಮ ಬೇಕೆಂತಲೇ ಹೊಲಿಗೆ ಉಬ್ಬಿಸಿ ಹಿಡಿದುಕೊಟ್ಟಳು ಎಂದು ಚಳವಳಿಯವರೇ ತೀರ್ಪು ಕೊಟ್ಟರು. ಅವಳೂ ಜೈಲಿನಲ್ಲಿ ಜ್ವರ ಬಂದು ಸತ್ತಳು.

ಈಗ ಬರುವ ಭಾನುವಾರ ಸ್ಮಾರಕದ ಕಲ್ಲು ಅನಾವರಣ. ಹೋರಾಡಿದವರ ಹೆಸರನ್ನೆಲ್ಲ ಕೆತ್ತಿಯಾಗಿದೆ. ಕೊನೆಯಲ್ಲಿ ಒಂದು ಹೆಸರಿನಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಅದೂ ಗುಬ್ಬಿ ಸಮಿತಿಯ ಬಾಗಿಲು ಸವೆಯುವಷ್ಟು ಸಲ ಬಂದುಹೋದ ಮೇಲೆ.

"ನಾನು ಮಾತು ತಪ್ಪೋನಲ್ಲ ಕಣಮ್ಮ," ಎಂದರು ಅಧ್ಯಕ್ಷರು. "ಆ ಹೊಲಿಗೆ ನಿಮ್ಮಮ್ಮಂದಲ್ಲ, ಇಂಥವರದ್ದು ಅಂತ ತೋರಿಸು. ಅವತ್ತೇ ಹೆಸರು ಕೆತ್ತಿಸ್ತೀನಿ. ಆಗ ವಿಚಾರಣೆ ಮಾಡಿ ಅವಳನ್ನ ಹೊರಗಿಟ್ಟಿದ್ದು ನಾನೇ. ತಪ್ಪಾಗಿದ್ರೆ ತಿದ್ದಬೇಕಾದವನೂ ನಾನೇ ಅಲ್ವಾ?"

ಆ ದಿನಗಳಲ್ಲಿ ಅವರು ಭೂಗತ ಚಳವಳಿಯ ಮುಂದಾಳು, ಎಲ್ಲರ ಪಾಲಿನ ಲಾಯರು. ಈಗ ಸ್ಮಾರಕ ಸಮಿತಿಯ ಅಧ್ಯಕ್ಷರು. ಕೂದಲು ಬೆಳ್ಳಗಾಗಿದೆ, ಮಾತು ಬೆಣ್ಣೆಯಾಗಿದೆ. ಪೊಲೀಸರ ಉಗ್ರಾಣದಿಂದ ಈ ಕೋಟನ್ನು ಬಿಡಿಸಿ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟವರೂ ಅವರೇ. ಅದರ ಕಾಲರಿನ ಕೆಳಗೆ ‘ಹುತಾತ್ಮರ ಕೋಟು’ ಎಂದು ಬರೆದ ಬಟ್ಟೆಯ ಚೀಟಿಯೊಂದು ನೇತಾಡುತ್ತಿತ್ತು.

"ಈ ಚೀಟಿ?" ಎಂದಳು ಜಪ್ತಿ ಅಕ್ಕ, ಕಣ್ಣು ತೆರೆದು.

"ನಾನೇ ಹೊಲಿದೆ. ಇಂಥ ವಸ್ತು ಬೇರೆಯವರ ಕೈಗೆ ಕೊಡೋಕೆ ಮನಸ್ಸಾಗಲ್ಲ ನೋಡಿ. ಅಂದಚಂದ ಏನಿಲ್ಲ ಬಿಡಿ."

"ಗಟ್ಟಿಯಾಗೇನೋ ಇದೆ. ಎತ್ತನ್ನೇ ಕಟ್ಟಬಹುದು."

ಅಧ್ಯಕ್ಷರು ಹೊಟ್ಟೆ ಕುಣಿಯುವಂತೆ ನಕ್ಕರು. ಜಪ್ತಿ ಅಕ್ಕನೂ ನಕ್ಕು, ಕೋಟನ್ನು ಸಂಜೆಯವರೆಗೆ ಕೇಳಿ ಇಸಿದುಕೊಂಡಳು. ಕೊಡುವಾಗ ಅಧ್ಯಕ್ಷರ ನಗು ಸ್ವಲ್ಪ ಸಣ್ಣದಾಯಿತು.

"ಯಾರು ಅಂತ ಗೊತ್ತಾದ ತಕ್ಷಣ ಮೊದಲು ನನಗೆ ಹೇಳಿ," ಎಂದರು. "ಈ ಹೊಲಿಗೆ ನೋಡಿದಾಗೆಲ್ಲ ನನಗೂ ತಲೆ ಕೆಡುತ್ತೆ."

ಬೀದಿಗೆ ಇಳಿದು, ತರಕಾರಿ ಗಾಡಿಗಳ ಸಾಲು ದಾಟುವವರೆಗೂ ಜಪ್ತಿ ಅಕ್ಕ ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಬೇಗ ಬೇಗ ನಡೆದಳು. ಅವಳ ಎಡಮಂಡಿ ನೋಯುತ್ತಿತ್ತು. ಚಹಾದಂಗಡಿಯ ಬೆಂಚು ಕಂಡ ಕೂಡಲೇ ಅಪ್ಪಣೆ ಕೇಳದೆ ಕೂತಳು. ಕೋಟನ್ನು ತೊಡೆಯ ಮೇಲೆ ಹರವಿ ಗುಬ್ಬಿಯ ಕೈಹಿಡಿದು ಎಳೆದಳು.

"ಮುಟ್ಟಿ ನೋಡು. ನಡುವೆ ಪೊಲೀಸರು ಬ್ಲೇಡಲ್ಲಿ ಸೀಳಿದ್ದಾರೆ, ಅದು ಬಿಡು. ಎರಡೂ ತುದೀಲಿ ಹಳೇ ಹೊಲಿಗೆ ಉಳ್ಕೊಂಡಿದೆ. ಹೇಗಿದೆ?"

"ಒರಟು. ತಂತಿ ಥರ."

"ನಿಮ್ಮಮ್ಮ ಹೊಲಿದ ಇನ್ನೆರಡು ಕೋಟು ಹೋದ ವಾರ ನೋಡಿದ್ವಲ್ಲ. ಅದರಲ್ಲಿ ಹೇಗಿತ್ತು?"

ಗುಬ್ಬಿಗೆ ನೆನಪಿತ್ತು. ಆ ಹೊಲಿಗೆ ಬೆರಳಿಗೆ ಸಿಕ್ಕೇ ಇರಲಿಲ್ಲ. ಟೈಲರಮ್ಮ ದಾರದ ತುದಿಗೆ ಗಂಟನ್ನೇ ಹಾಕುತ್ತಿರಲಿಲ್ಲ, ತಡವುವವರ ಬೆರಳಿಗೆ ಗಂಟು ತಗುಲಬಾರದಲ್ಲ. ಎಳೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಿಸಿ ಬಟ್ಟೆಯೊಳಗೇ ಕೂರಿಸಿಬಿಡುತ್ತಿದ್ದಳು. ಕಸ್ಟಮ್ಸಿನಲ್ಲಿ ಪಳಗಿದ ಜಪ್ತಿ ಅಕ್ಕನೇ ಆ ಜೇಬುಗಳನ್ನು ಹುಡುಕಲು ಒದ್ದಾಡಿದ್ದಳು. ಇಂಥ ಹೆಂಗಸು ನಮ್ಮ ಕಚೇರಿಗೆ ಗಂಟುಬಿದ್ದಿದ್ದರೆ ನಮ್ಮ ನೌಕರಿಗೇ ಸಂಚಕಾರ ಬರುತ್ತಿತ್ತು ಎಂದು ತಮಾಷೆ ಮಾಡಿದ್ದಳು.

"ಇದು ಅವಳ ಕೈಯಲ್ಲ," ಎಂದಳು ಈಗ. "ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ದಪ್ಪ ಸೂಜಿ, ಎರಡೆಳೆ ದಾರ. ಮೇಲಾಗಿ ದಾರಕ್ಕೆ ಮೇಣ ಉಜ್ಜಿದ್ದಾರೆ. ಅದಕ್ಕೇ ಇಷ್ಟು ಬಿರುಸು. ಬಟ್ಟೆ ಹೊಲಿಯೋರು ಮೇಣ ಹಾಕಲ್ಲ. ಚಪ್ಪಲಿ ಹೊಲಿಯೋನು ಹಾಕ್ತಾನೆ. ಹಡಗಿನ ಹಾಯಿ ಹೊಲಿಯೋನು ಹಾಕ್ತಾನೆ."

"ಪುಸ್ತಕ ಹೊಲಿಯೋನು ಹಾಕ್ತಾನೆ," ಎಂದಳು ಗುಬ್ಬಿ.

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳ ಕಿವಿಗೆ ಬಿತ್ತು. ಕೋಟಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳ ಅಪ್ಪ ಬೈಂಡರ್. ಶಾಲೆಯ ಪುಸ್ತಕಗಳಿಗೆ ರಟ್ಟು ಕಟ್ಟಿಯೇ ಅವಳನ್ನು ಸಾಕಿದವನು. ತಾಯಿಯಿಲ್ಲದ ಮಗುವಿಗೆ ತಲೆ ಬಾಚಿ, ಜ್ವರ ಬಂದರೆ ರಾತ್ರಿಯಿಡೀ ಎತ್ತಿಕೊಂಡು ಓಡಾಡಿ, ಇನ್ನೊಂದು ಮದುವೆಯ ಮಾತೆತ್ತಿದವರನ್ನು ಅಂಗಡಿಯಿಂದ ಹೊರಗೆ ಕಳಿಸಿದವನು.

"ಇಲ್ಲ ಅಕ್ಕ," ಎಂದಳು ಗುಬ್ಬಿ ಗಡಬಡಿಸಿ. "ಅಪ್ಪ ಬಟ್ಟೆಗೆ ಮೇಣ ಹಾಕಲ್ಲ. ಸತ್ರೂ ಹಾಕಲ್ಲ. ಚಿಕ್ಕವಳಿದ್ದಾಗ ನನ್ನ ಫ್ರಾಕಿನ ಅಂಚು ಅಪ್ಪನೇ ಹೊಲಿತಿದ್ದ. ಬರೀ ದಾರ. ನಾಲ್ಕು ದಿನಕ್ಕೆ ಬಿಟ್ಕೊಂಡು ಜೋಲಾಡೋದು. ಬೈಂಡರ್ ಮಗಳ ಬೈಂಡಿಂಗೇ ಕಿತ್ತೋಗಿದೆ ಅಂತ ಶಾಲೇಲಿ ಎಲ್ಲಾ ನಗೋರು. ಮೇಣ ಹಾಕಿ ಹೊಲಿ ಅಪ್ಪ ಅಂತ ಎಷ್ಟು ಅತ್ತಿದ್ದೀನಿ. ಹಾಕ್ಲೇ ಇಲ್ಲ."

ಜಪ್ತಿ ಅಕ್ಕ ಅವಳ ಮುಖವನ್ನೇ ನೋಡಿದಳು. ಮಗಳು ಅತ್ತು ಕೇಳಿದರೂ ಬೈಂಡರೊಬ್ಬ ಬಟ್ಟೆಗೆ ಮೇಣ ಹಾಕುವುದಿಲ್ಲ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಅದನ್ನು ಹೇಳಬೇಕಾಗಿ ಬರಲಿಲ್ಲ, ಗುಬ್ಬಿ ಆಗಲೇ ಎದ್ದು ಅಂಗಡಿಯ ದಿಕ್ಕಿಗೆ ಹೊರಟಿದ್ದಳು.

ಬೈಂಡಿಂಗ್ ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ರಟ್ಟಿನ ಒಟ್ಟು, ಮೂಲೆಯಲ್ಲಿ ಕಬ್ಬಿಣದ ಪ್ರೆಸ್ಸು, ಹಲಗೆಯ ಮೇಲೆ ಕಾಗದ ಕತ್ತರಿಸುವ ಚಾಕು, ಎಲ್ಲೆಲ್ಲೂ ಒಣಗಿದ ಅಂಟಿನ ವಾಸನೆ. ಬೈಂಡರ್ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಪುಟಗಳ ಕಟ್ಟೊಂದನ್ನು ಹೊಲಿಯುತ್ತಿದ್ದ. ದಾರದ ಉದ್ದಕ್ಕೂ ಮೇಣದುಂಡೆ ಉಜ್ಜಿ, ದಬ್ಬಳದ ಕಣ್ಣಿಗೆ ನೂಲು ಪೋಣಿಸಿ, ಮಗಳ ಹೆಜ್ಜೆ ಕೇಳಿ ತಲೆಯೆತ್ತಿ ನಕ್ಕ.

"ಬಾ ಗುಬ್ಬಿ. ಊಟ ಆಯ್ತಾ?"

ಗುಬ್ಬಿ ಕೋಟನ್ನು ಅವನ ಮುಂದಿನ ಹಲಗೆಯ ಮೇಲೆ ಇಟ್ಟಳು.

ಬೈಂಡರ್ ನಗು ಮುಖದ ಮೇಲೇ ನಿಂತುಹೋಯಿತು. ಅವನು ಕೋಟನ್ನು ಮುಟ್ಟಲಿಲ್ಲ. ದಬ್ಬಳವನ್ನು ಜೋಪಾನವಾಗಿ ಪಕ್ಕಕ್ಕಿಟ್ಟ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ. ಬಹಳ ದಿನದಿಂದ ಕಾಯುತ್ತಿದ್ದ ನೆಂಟರು ಕೊನೆಗೂ ಬಾಗಿಲಿಗೆ ಬಂದಂತೆ ಅವನು ಅದನ್ನು ನೋಡಿದ.

"ಅಪ್ಪ, ಇದರಲ್ಲಿರೋದು ನಿನ್ನ ದಾರ ಅಲ್ಲ ಅಂತ ಹೇಳು."

ಅವನು ಮೇಣದುಂಡೆಯನ್ನು ಹಲಗೆಯ ಅಂಚಿಗೆ ಸರಿಸಿದ.

"ಹೇಳು ಅಪ್ಪ. ಒಂದು ಸಲ ಹೇಳಿಬಿಡು, ನಾನು ನಂಬ್ತೀನಿ."

"ನಂದೇ ಮಗಾ," ಎಂದ ಬೈಂಡರ್.

ಗುಬ್ಬಿ ಗೋಡೆಗೆ ಒರಗಿದಳು. ಜಪ್ತಿ ಅಕ್ಕ ಇದ್ದ ಒಂದೇ ಸ್ಟೂಲನ್ನು ಅವಳ ಹಿಂದೆ ಸರಿಸಿದಳು, ಅವಳು ಕೂರಲಿಲ್ಲ.

"ಮೇಷ್ಟ್ರು ಮನೆಗೆ ಬರೋರು," ಎಂದ ಬೈಂಡರ್. ಹೇಳುತ್ತಿದ್ದುದು ಮಗಳಿಗಾದರೂ ನೋಟ ಮೇಣದುಂಡೆಯ ಮೇಲಿತ್ತು. "ಓದಿದೋರು. ಮಾತು ಕೇಳ್ತಾ ಕೂತ್ರೆ ಎದ್ದೇಳೋಕೆ ಮನಸ್ಸು ಬರ್ತಿರಲಿಲ್ಲ. ನಿಮ್ಮಮ್ಮ ಅವರ ಕೋಟು ಹೊಲಿಯೋಳು, ಕಿಟಕಿ ಹತ್ರ ಕೂತು, ಉಸಿರು ಬಿಟ್ರೆ ಎಳೆ ಅಲ್ಲಾಡುತ್ತೇನೋ ಅನ್ನೋ ಹಾಗೆ. ನನ್ನ ಅಂಗಿ ಯಾವತ್ತೂ ಹಾಗೆ ಹೊಲಿದೋಳಲ್ಲ. ನಂಗೆ ಹೊಟ್ಟೆಕಿಚ್ಚು. ಚಳವಳಿ ಅಂತೆ, ಗುಟ್ಟಂತೆ, ಎಲ್ಲಾ ನನ್ನ ಕಣ್ಣಿಗೆ ಮಣ್ಣೆರಚೋ ಆಟ ಅಂದ್ಕೊಂಡೆ."

"ಅದಕ್ಕೆ ಬಿಚ್ಚಿದೆ."

"ನಿನ್ನನ್ನ ಶಾಲೆಯಿಂದ ಕರ್ಕೊಂಡು ಬರೋಕೆ ಅವಳು ಹೋಗಿದ್ಲು. ಕೋಟು ಗೂಟಕ್ಕೆ ನೇತುಹಾಕಿತ್ತು. ಒಳಗೆ ಪ್ರೇಮಪತ್ರ ಇರುತ್ತೆ ಅಂತ ಬಿಚ್ಚಿದೆ. ಒಂದು ಬಟ್ಟೆಚೂರು ಇತ್ತು, ಏನೇನೋ ಗುರುತು. ಒಂದೂ ಅರ್ಥ ಆಗ್ಲಿಲ್ಲ. ಪ್ರೀತಿಪ್ರೇಮದ ಮಾತು ಅದಲ್ಲ ಅಂತ ಮಾತ್ರ ನನ್ನಂಥ ದಡ್ಡನಿಗೂ ಗೊತ್ತಾಯ್ತು." ಅವನು ಕೆನ್ನೆ ಒರೆಸಿಕೊಂಡ. "ನಾಚಿಕೆಯಾಗಿ ಹೋಯ್ತು. ಅವಳು ಬರೋದ್ರೊಳಗೆ ಇದ್ದ ಹಾಗೇ ಇಟ್ಟು ಹೊಲಿದೆ. ಆತುರದಲ್ಲಿ ಕೈ ತನ್ನ ಪಾಡಿಗೆ ಮೇಣಕ್ಕೆ ಹೋಯ್ತು. ಗಟ್ಟಿಯಾಗಿರಲಿ ಅಂತ ಎರಡೆಳೆ ಹಾಕ್ದೆ. ಚೆನ್ನಾಗಿ ಹೊಲಿದಿದ್ದೀನಿ ಅಂತ ಸಮಾಧಾನ ಬೇರೆ ಮಾಡ್ಕೊಂಡೆ. ಸಂಜೆ ಮೇಷ್ಟ್ರು ಬಂದ್ರು, ತೊಟ್ಕೊಂಡ್ರು, ಹೊರಟ್ರು. ಸೇತುವೆ ಮೇಲೆ ಆ ತಂತಿಯಂಥ ಹೊಲಿಗೆ ಪೊಲೀಸಿನವನ ಕೈಗೆ ಸಿಕ್ತು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ಅಮ್ಮನಿಗೆ ಗೊತ್ತಿತ್ತಾ?" ಎಂದಳು ಗುಬ್ಬಿ.

"ಸ್ಟೇಷನ್ನಿಗೆ ಇಬ್ಬರನ್ನೂ ಎಳ್ಕೊಂಡು ಹೋಗಿದ್ರು. ಕೋಟು ಅವಳ ಮುಂದೆ ಎಸೆದ್ರು. ಪೊಲೀಸರು ಸೀಳಿದ ಜಾಗದ ಮೇಲೆ ಅವಳು ಬೆರಳಾಡಿಸಿದ್ಲು. ಆಮೇಲೆ ತಲೆ ಎತ್ತಿ ನನ್ನ ನೋಡಿದ್ಲು." ಬೈಂಡರ್ ತನ್ನ ಬೆರಳ ತುದಿಗಳನ್ನು ನೋಡಿಕೊಂಡ. "ಹೊಲಿದಿದ್ದು ನಾನೇ ಅಂದ್ಲು. ಎಲ್ಲಾ ನಂದೇ ಕೆಲಸ, ಈ ಮನುಷ್ಯನಿಗೆ ಪುಸ್ತಕ ಬಿಟ್ಟು ಲೋಕಜ್ಞಾನ ಇಲ್ಲ, ಮನೆಗೆ ಕಳಿಸಿ, ಮಗು ಒಂದೇ ಇದೆ ಅಂದ್ಲು. ಪೊಲೀಸರು ನಕ್ಕು ನನ್ನನ್ನ ಬಿಟ್ಟುಬಿಟ್ರು."

"ಜೈಲಿಗೆ ಹೋಗಿ ನೋಡಿದೆಯಾ?"

"ಒಂದೇ ಸಲ ಬಿಟ್ರು. ಸೊರಗಿ ಹೋಗಿದ್ಲು. ಜೊತೇಲಿದ್ದ ಹೆಂಗಸರು ಕೂಡ ಅವಳ ಪಕ್ಕ ಕೂರ್ತಿರಲಿಲ್ಲವಂತೆ, ದ್ರೋಹಿ ಅಂತ. ಕಾವಲಿನವಳು ಮಧ್ಯೆ ನಿಂತಿದ್ಲು, ಬಾಯಿಬಿಟ್ಟು ಏನೂ ಹೇಳೋ ಹಾಗಿರಲಿಲ್ಲ. ನಿನ್ನ ವಿಷಯ ಕೇಳಿದ್ಲು. ಹೊರಡೋವಾಗ ಹೇಳಿದ್ಲು, ‘ಗುಬ್ಬಿ ಫ್ರಾಕಿನ ಅಂಚು ಬಿಟ್ಕೊಂಡಿತ್ತು, ಹೊಲಿದು ಹಾಕಿ. ಮೇಣ ಮಾತ್ರ ಹಾಕ್ಬೇಡಿ ಕಣ್ರೀ. ಮಗು ಮೈಗೆ ಚುಚ್ಚುತ್ತೆ.’"

ಗುಬ್ಬಿ ಸ್ಟೂಲಿನ ಮೇಲೆ ಕುಸಿದು ಕೂತಳು.

"ನಗುನಗ್ತಾ ಹೇಳಿದ್ಲು ಮಗಾ. ನಂಗೊತ್ತು, ಬೈಯೋಕೆ ಹೇಳಿದ್ದಲ್ಲ, ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ಹೇಳೋಕೆ ಅವಳಿಗೆ ಬೇರೆ ಮಾತು ಸಿಗಲಿಲ್ಲ. ಅದೇ ಕೊನೆ."

ಜಪ್ತಿ ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಎಷ್ಟೋ ಜನ ಅವಳ ಮುಂದೆ ತಪ್ಪೊಪ್ಪಿಕೊಂಡಿದ್ದಾರೆ, ಚಿನ್ನ ಬಚ್ಚಿಟ್ಟವರು, ಗಡಿಯಾರ ಬಚ್ಚಿಟ್ಟವರು. ಆಗೆಲ್ಲ ಗೆದ್ದ ಹಿಗ್ಗು ಇರುತ್ತಿತ್ತು. ಇವತ್ತು ಅದಿರಲಿಲ್ಲ.

"ಇಷ್ಟು ವರ್ಷ," ಎಂದಳು ಗುಬ್ಬಿ. ಅವಳ ದನಿ ಏರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಇಷ್ಟು ವರ್ಷ ಜನ ಅವಳನ್ನ ಬಾಯಿಗೆ ಬಂದ ಹಾಗೆ ಅಂದ್ರು. ಶಾಲೇಲಿ ನನ್ನ ಬೆಂಚಲ್ಲಿ ನಾನೊಬ್ಬಳೇ. ನಿನಗೆ ಗೊತ್ತಿತ್ತು. ಮನೆಗೆ ಬಂದು ನಿನ್ನ ಹೆಗಲ ಮೇಲೇ ಅಳ್ತಿದ್ದೆ. ಒಂದು ಮಾತು ಹೇಳಲಿಲ್ಲವಲ್ಲ ಅಪ್ಪ."

"ಹೇಳೋಣ ಅಂತಾನೇ ಹೊರಟಿದ್ದೆ ಒಂದಿನ. ನೀನು ನನ್ನ ಬೆರಳು ಹಿಡ್ಕೊಂಡು ಜೊತೆಗೆ ಬಂದೆ. ನಾನೂ ಒಳಗೆ ಹೋದ್ರೆ ನಿನ್ನ ಯಾರು ನೋಡ್ತಾರೆ ಅಂತ ವಾಪಸ್ ಬಂದೆ."

"ಆಮೇಲೆ? ನಾನು ದೊಡ್ಡವಳಾದ ಮೇಲೆ?"

"ಆಮೇಲೆ ಹೆದರಿಕೆ," ಎಂದ ಬೈಂಡರ್. "ನೀನು ಅಪ್ಪಾ ಅನ್ನೋದು ಬಿಟ್ಟುಬಿಡ್ತೀಯ ಅಂತ."

ಗುಬ್ಬಿ ಮುಖ ಮುಚ್ಚಿಕೊಂಡಳು. ಬೈಂಡರ್ ಎದ್ದು ಅವಳ ತಲೆಯ ಮೇಲೆ ಕೈಯಿಡಲು ಹೋದ, ಧೈರ್ಯ ಸಾಲದೆ ಕೈ ಹಿಂದಕ್ಕೆ ತೆಗೆದುಕೊಂಡ. ಅಂಟು ಮೆತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗೆ ಹೊರಟ್ರಿ?" ಎಂದಳು ಜಪ್ತಿ ಅಕ್ಕ.

"ಸಮಿತಿಗೆ. ಇನ್ನೇನಿದೆ ಅಮ್ಮ, ಹೇಳಿಬಿಡ್ತೀನಿ. ಅವಳ ಹೆಸರು ಕಲ್ಲಿನ ಮೇಲೆ ಬರಬೇಕು. ಈ ಮುದುಕನ ಮುಖಕ್ಕೆ ಉಗಿಯೋರು ಉಗೀಲಿ."

ಹೋಗಲಿ ಎಂದು ಜಪ್ತಿ ಅಕ್ಕ ಬಿಡಬಹುದಿತ್ತು. ಆದರೆ ಕೆಲಸದ ಚಾಳಿ ಅಷ್ಟು ಬೇಗ ಬಿಡುವುದಿಲ್ಲ. ಮುಚ್ಚುವ ಮೊದಲು ಪೆಟ್ಟಿಗೆಯ ತಳವನ್ನು ಇನ್ನೊಮ್ಮೆ ತಟ್ಟಿ ನೋಡುವುದು ಅವಳ ಅಭ್ಯಾಸ.

"ಒಂದೇ ಪ್ರಶ್ನೆ," ಎಂದಳು. "ನೀವು ಬಿಚ್ಚಿದಾಗ ಅದರ ಮೇಲಿದ್ದ ಹೊಲಿಗೆ ಹೇಗಿತ್ತು?"

"ಅದನ್ನ ಯಾಕೆ ಕೇಳ್ತೀರಿ. ಅದೇ ನನ್ನ ಹೊಟ್ಟೆ ಇನ್ನೂ ಉರಿಸಿದ್ದು. ಬೇಕಾಬಿಟ್ಟಿ ಹೊಲಿಗೆ. ಅಡ್ಡಾದಿಡ್ಡಿ. ತುದೀಲಿ ಗಂಟು ಬೇರೆ, ಒಂದರ ಮೇಲೊಂದು ಮೂರು ಗಂಟು, ಮೆಣಸಿನಕಾಳಿನಷ್ಟು ದಪ್ಪ. ಎಂಥಾ ಕೈ ಅವಳದ್ದು, ಇಂಥ ಹೊಲಿಗೆ ಹಾಕಿದ್ದಾಳೆ ಅಂದ್ರೆ ಮನಸ್ಸು ಎಲ್ಲಿತ್ತು, ಮೇಷ್ಟ್ರ ಮೇಲೇ ಇತ್ತು ಅಂದ್ಕೊಂಡೆ. ಕತ್ತರೀಲಿ ಕತ್ತರಿಸಿ ಎಸೆದೆ."

ಜಪ್ತಿ ಅಕ್ಕ ಹಲಗೆಯ ಹತ್ತಿರಕ್ಕೆ ಬಂದಳು. ಟೈಲರಮ್ಮ ಗಂಟು ಹಾಕುವವಳಲ್ಲ. ಅದನ್ನು ಅವಳ ಗಂಡ ಹೊಟ್ಟೆಕಿಚ್ಚಿನಲ್ಲಿ ಮರೆತಿದ್ದ, ಅಷ್ಟೇ.

"ಹೊಲಿದ ಮೇಲೆ ಕೋಟು ನಿಮ್ಮ ಮನೇಲೇ ಇತ್ತಾ?"

"ಇಲ್ಲ. ಲಾಯರ ಮನೆಗೆ, ಅದೇ ಈಗಿನ ಅಧ್ಯಕ್ಷರ ಮನೆಗೆ, ಕೊಟ್ಟು ಬಂದಿದ್ಲು. ಮಾರನೇ ದಿನ ಲಾಯರೇ ವಾಪಸ್ ಕಳಿಸಿದ್ರು, ಗುಂಡಿ ಸಡಿಲ ಆಗಿದೆ, ನಿಮ್ಮಲ್ಲೇ ಹಾಕಿಸಿ, ಮೇಷ್ಟ್ರು ನಿಮ್ಮಲ್ಲಿಂದಲೇ ತಗೊಂಡು ಹೋಗ್ತಾರೆ ಅಂತ. ಗುಂಡಿ ಹಾಕಿ ಗೂಟಕ್ಕೆ ನೇತುಹಾಕಿದ್ಲು. ಲೈನಿಂಗ್ ಕಡೆ ತಿರುಗಿಯೂ ನೋಡಲಿಲ್ಲ."

ಜಪ್ತಿ ಅಕ್ಕ ಕೋಟನ್ನು ಎತ್ತಿ ಲೈನಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಣದ ದಾರದ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ತೂತುಗಳ ನೇರ ಸಾಲು, ಅದು ಟೈಲರಮ್ಮನದು. ಇವೆರಡರ ಮಧ್ಯೆ ಇನ್ನೊಂದು ಸಾಲು ಹೆಂಡ ಕುಡಿದವನ ನಡಿಗೆಯಂತೆ ಅತ್ತಿತ್ತ ಓಡಾಡಿತ್ತು. ಬೈಂಡರಿಗಿಂತ ಮೊದಲೇ ಯಾರೋ ಇದನ್ನು ಬಿಚ್ಚಿ, ಒಳಗಿನದನ್ನು ನೋಡಿ, ಮತ್ತೆ ಹೊಲಿದಿದ್ದರು. ಕೊನೆಯ ಕೈ ಟೈಲರಮ್ಮನದಾಗಿ ಅನುಮಾನ ಅವಳ ಮೇಲೇ ಬೀಳಲಿ ಎಂದು ಗುಂಡಿಯ ನೆಪ ಹೂಡಿ ಕಳಿಸಿದ್ದರು. ಪೊಲೀಸರು ಸೇತುವೆಯ ಮೇಲೆ ಹೊಲಿಗೆ ತಡವಿ ಕಂಡುಹಿಡಿದದ್ದಲ್ಲ. ಯಾವ ಕೋಟು, ಎಲ್ಲಿ ಸೀಳಬೇಕು ಎಂದು ಮೊದಲೇ ತಿಳಿದುಕೊಂಡು ನಿಂತಿದ್ದರು.

ಅವಳ ಹೆಬ್ಬೆರಳು ತನ್ನಷ್ಟಕ್ಕೆ ಕಾಲರಿನ ಕೆಳಗೆ ಜಾರಿ ಬಟ್ಟೆಚೀಟಿಯನ್ನು ತಲುಪಿತು. ಎತ್ತನ್ನೇ ಕಟ್ಟಬಹುದು ಎಂದು ಬೆಳಿಗ್ಗೆ ತಾನೇ ನಕ್ಕಿದ್ದಳಲ್ಲ. ಒಂದರ ಮೇಲೊಂದು, ಮೂರು ಗಂಟು.

"ಬೈಂಡರೇ, ಒಳಗಿದ್ದೀರಾ?"

ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಅವರ ಹಿಂದೆ ಬೀದಿಯಲ್ಲಿ ಕಾರಿನ ಬಾಗಿಲು ತೆರೆದೇ ಇತ್ತು.

"ಸಂಜೆವರೆಗೆ ಕಾಯೋಕೆ ಆಗಲಿಲ್ಲ ನೋಡಿ, ನೀವು ಇಲ್ಲಿಗೆ ಬಂದ್ರಿ ಅಂತ ಚಹಾದಂಗಡಿಯವನು ಹೇಳಿದ," ಎಂದು ಒಳಗೆ ಬಂದರು. "ಏನಾದ್ರೂ ಗೊತ್ತಾಯ್ತಾ? ಯಾರು ಬಿಚ್ಚಿದ್ದು?"

ಜಪ್ತಿ ಅಕ್ಕ ಬಾಯಿ ತೆರೆಯುವ ಮೊದಲೇ ಬೈಂಡರ್ ಕೈಮುಗಿದಿದ್ದ.

"ನಾನೇ ಲಾಯರೇ. ನಾನೇ ಬಿಚ್ಚಿದ್ದು, ನಾನೇ ಹೊಲಿದಿದ್ದು. ಅವಳದ್ದೇನೂ ತಪ್ಪಿಲ್ಲ."

ಅಧ್ಯಕ್ಷರು ಅವನನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಸಿಟ್ಟು ಮೂಡುತ್ತದೆಂದು ಬೈಂಡರ್ ಕಾಯುತ್ತಿದ್ದ. ಮೂಡಿದ್ದು ಸಿಟ್ಟಲ್ಲ ಎಂದು ಜಪ್ತಿ ಅಕ್ಕ ಸ್ಪಷ್ಟವಾಗಿ ಕಂಡಳು. ಬಹಳ ಹೊತ್ತು ಭಾರ ಹೊತ್ತವನು ಕೊನೆಗೆ ಅದನ್ನು ಇನ್ನೊಬ್ಬನ ತಲೆಗೆ ದಾಟಿಸಿದಾಗ ಬಿಡುವ ಉಸಿರು ಅದು.

"ನೀವಾ," ಎಂದರು ಮೆಲ್ಲಗೆ. "ಇರಲಿ. ಆಗಿದ್ದು ಆಗಿಹೋಯ್ತು. ಭಾನುವಾರ ಎಲ್ಲರೆದುರು ಇದನ್ನೇ ಹೇಳ್ತೀರಾ?"

"ಹೇಳ್ತೀನಿ."

"ಹಾಗಾದ್ರೆ ಇವತ್ತೇ ಅವಳ ಹೆಸರು ಕೆತ್ತೋಕೆ ಹೇಳಿ ಕಳಿಸ್ತೀನಿ. ನಾನು ಕೊಟ್ಟ ಮಾತು."

ಬೈಂಡರ್ ಮುಖ ಅರಳಿದ್ದನ್ನು ಜಪ್ತಿ ಅಕ್ಕ ಎಂದೂ ಮರೆಯಲಾರಳು. ಊರೆಲ್ಲ ಕಲ್ಲು ಹೊಡೆಯುವ ಕೆಲಸಕ್ಕೆ ಒಪ್ಪಿಕೊಂಡ ಮುದುಕ ಬಹುಮಾನ ಬಂದ ಹುಡುಗನಂತೆ ಮಗಳ ಕಡೆ ತಿರುಗಿದ. "ಬರುತ್ತಂತೆ ಗುಬ್ಬಿ. ಅಮ್ಮನ ಹೆಸರು ಬರುತ್ತಂತೆ."

ಈಗ ಬಾಯಿಬಿಟ್ಟರೆ ಏನಾಗುತ್ತದೆಂದು ಜಪ್ತಿ ಅಕ್ಕನಿಗೆ ಗೊತ್ತಿತ್ತು. ಹೆಸರು ಕೆತ್ತಿಸುವ ಕೈಯೇ ಇವರದು. ಮೂರು ಗಂಟನ್ನು ನಂಬಿ ಇಂಥ ದೊಡ್ಡ ಮನುಷ್ಯನನ್ನು ಅನುಮಾನಿಸುವವರು ಊರಲ್ಲಿ ಯಾರೂ ಇಲ್ಲ, ಕಲ್ಲು ಖಾಲಿಯಾಗಿಯೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹೆಂಡತಿ ತನ್ನ ತಪ್ಪು ಮುಚ್ಚಲು ಸತ್ತಳು ಎಂದು ಇಷ್ಟು ವರ್ಷ ಬೇಯುತ್ತ ಬಂದವನಿಗೆ, ಮುಚ್ಚಬೇಕಾದ ತಪ್ಪೇ ನಿನ್ನದಾಗಿರಲಿಲ್ಲ, ಅವಳು ಸುಮ್ಮನೆ ಸತ್ತಳು ಎಂದು ಯಾವ ಬಾಯಿಂದ ಹೇಳುವುದು.

ಅಷ್ಟರಲ್ಲಿ ಕೋಟು ಮಡಿಸುವ ನೆಪದಲ್ಲಿ ಗುಬ್ಬಿ ಹಲಗೆಯ ಬಳಿ ಬಂದಿದ್ದಳು. ಜಪ್ತಿ ಅಕ್ಕನ ಹೆಬ್ಬೆರಳು ಎಲ್ಲಿ ನಿಂತಿದೆಯೆಂದು ಅವಳು ನೋಡಿದಳು. ತನ್ನ ಬೆರಳನ್ನೂ ಅಲ್ಲಿಗೆ ತಂದಳು. ಒಂದು ಗಂಟು ಮುಟ್ಟಿದಳು, ಎರಡು, ಮೂರು.

ಗುಬ್ಬಿ ಅಧ್ಯಕ್ಷರ ಕಡೆ ತಿರುಗಲೇ ಇಲ್ಲ. ಅಪ್ಪನನ್ನು ನೋಡಿದಳು. ಅವನು ಗೋಡೆಯ ಚೂರು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ, ಭಾನುವಾರ ಇವತ್ತೇ ಬಂದಂತೆ. ಅವಳು ಜಪ್ತಿ ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ಬೇಡ ಎಂದು ತಲೆಯಾಡಿಸಿದಳು.

ಜಪ್ತಿ ಅಕ್ಕ ಕೋಟಿನಿಂದ ಕೈ ತೆಗೆದಳು. ಇಂಥ ಸೋಲು ಅವಳಿಗೆ ಹೊಸದು. ಕಣ್ಣಲ್ಲಿ ನೀರು ಬಂದದ್ದು ಕಾಣದಿರಲೆಂದು ರಟ್ಟಿನ ಒಟ್ಟಿನ ಕಡೆ ಮುಖ ಮಾಡಿದಳು.

"ತಗೊಳ್ಳಿ ಸರ್," ಎಂದು ಗುಬ್ಬಿ ಕೋಟನ್ನು ಮಡಿಸಿ ಅಧ್ಯಕ್ಷರ ಕೈಗಿಟ್ಟಳು.

ಅಧ್ಯಕ್ಷರು ಬೈಂಡರ್ ಬೆನ್ನು ತಟ್ಟಿದರು, ಹೊಸ್ತಿಲು ದಾಟಿದರು. ಕಾರಿಗೆ ಹತ್ತುವ ಮೊದಲು ಕೋಟನ್ನು ಕೊಡವಿ ತೋಳಿನ ಮೇಲೆ ಹಾಕಿಕೊಳ್ಳಲು ಹೋಗಿ, ಕಾಲರಿನ ಕೆಳಗೆ ಕೈಯಿಟ್ಟವರು ಹಾಗೇ ನಿಂತರು. ತಿರುಗಿ ಬಾಗಿಲಿಗೆ ಬಂದರು.

"ಇಲ್ಲೊಂದು ಚೀಟಿ ಇತ್ತಲ್ಲ," ಎಂದರು. ಈ ಸಲ ಮಾತಿನಲ್ಲಿ ಬೆಣ್ಣೆ ಇರಲಿಲ್ಲ. "ಎಲ್ಲಿ ಅದು?"

ಜಪ್ತಿ ಅಕ್ಕ ಹಲಗೆಯ ಕಡೆ ನೋಡಿದಳು. ಕಾಗದ ಕತ್ತರಿಸುವ ಚಾಕು ಇದ್ದ ಜಾಗದಿಂದ ಸರಿದಿತ್ತು. ಗುಬ್ಬಿಯ ಬಲಗೈ ಮುಷ್ಟಿ ಕಟ್ಟಿತ್ತು. ಮುಷ್ಟಿಯ ಸಂದಿಯಿಂದ ಒಂದೆಳೆ ದಾರ ಹೊರಗೆ ಇಣುಕುತ್ತಿತ್ತು.

"ಇಲ್ಲೇ ಎಲ್ಲೋ ಬಿದ್ದಿರಬೇಕು ಲಾಯರೇ, ಹುಡುಕ್ತೀನಿ," ಎಂದು ಬೈಂಡರ್ ಮಂಡಿಯೂರಿ ಹಲಗೆಯ ಕೆಳಗೆ ತಡಕಾಡತೊಡಗಿದ. "ಸಿಗದಿದ್ರೆ ಚಿಂತೆ ಮಾಡಬೇಡಿ, ಈಗಲೇ ಬೇರೆ ಚೀಟಿ ಹೊಲಿದು ಕೊಡ್ತೀನಿ. ಮೇಣ ಹಾಕಲ್ಲ."